ಚೌಕಾಸಿ ಮಾಡದ ಜಡ್ಜ್ ಸಾಹೇಬರು

ಅವರ ಎರಡು ಕೈಗಳೂ ಸದಾ ಬೆನ್ನ ಹಿಂದೆಯೇ ಇರುತ್ತಿದ್ದವು. ಉಡುಪಿಯ ಮೀನು ಮಾರುಕಟ್ಟೆಗೆ ಬಂದವರು ಕಿವಿರು ಎತ್ತಿ ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ಮೂಸುತ್ತಾರೆ, ಆಮೇಲೆ ನನ್ನೊಡನೆ ಜಗಳಕ್ಕೆ ನಿಲ್ಲುತ್ತಾರೆ. ಇವರು ಮಾತ್ರ ಒಂದು ಕೈಯ ಮಣಿಕಟ್ಟನ್ನು ಇನ್ನೊಂದರಲ್ಲಿ ಹಿಡಿದು, ತುಸು ಬಾಗಿ, "ಏನಮ್ಮ, ಇವತ್ತು ಏನಿದೆ?" ಎಂದು ಕೇಳುವರು. ನಾನು ಹೇಳಿದ ಮೀನು, ನಾನು ಹೇಳಿದ ರೇಟು.

ಕಾಪುವಿನಿಂದ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಂದು ವ್ಯಾಪಾರ ಕಲಿತವಳು ನಾನು. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು. ಒಂದು ಭಾನುವಾರ ಕೇಳಿಯೇ ಬಿಟ್ಟೆ.

"ಎಂತ ಸಾರ್, ಸ್ವಲ್ಪ ಕಡಿಮೆ ಮಾಡು ಅಂತ ಒಂದು ಮಾತು ಕೇಳಬಾರದಾ?"

"ನೀವು ಕಡಿಮೆ ಮಾಡಿದರೆ, ಅದು ಮೀನು ನೋಡಿ ಮಾಡಿದ್ದೋ ನನ್ನ ಕುರ್ಚಿ ನೋಡಿ ಮಾಡಿದ್ದೋ ನನಗೆ ಗೊತ್ತಾಗುವುದಿಲ್ಲವಲ್ಲ."

ಅವರು ಕೋರ್ಟಿನ ಜಡ್ಜ್ ಎಂದು ನನಗೆ ತಿಳಿದದ್ದು ಆವತ್ತು. ಘಟ್ಟದ ಮೇಲಿನವರು. ಹೆಂಡತಿ ಅಲ್ಲೇ ಊರಿನಲ್ಲಿ ಟೀಚರ್. ಇಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಒಬ್ಬರೇ ಉಣ್ಣುತ್ತಿದ್ದರು. ಮಗಳ ಮದುವೆಗೆ ಕರೆದೆ, ಬರಲಿಲ್ಲ. "ನಿಮ್ಮ ಪೈಕಿ ಯಾರದೋ ಕೇಸು ನಾಳೆ ನನ್ನ ಮುಂದೆ ಬಂದೀತು" ಎಂದರು. ಊರಿಡೀ ಸಾವಿರ ಜನ ಇದ್ದರೂ ಅವರಿಗೆ ಹೋಗಿ ಕೂರಲು ಒಂದು ಜಗಲಿ ಇರಲಿಲ್ಲ.

ಆಮೇಲೆ ಕೋವಿ ಕೇಸು ಬಂತು. ಕಾರ್ಕಳದ ಕಡೆಯ ಒಬ್ಬ ಸಾಹುಕಾರ, ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿಯಿಂದ ಪಕ್ಕದ ಜಾಗದವನನ್ನು ಹೊಡೆದಿದ್ದ. ಹಂದಿ ಎಂದು ತಿಳಿದು ಹೊಡೆದೆ ಎಂದು ಅವನು. ದಾರಿಯ ತಕರಾರಿಗೆ ಕೊಂದ ಎಂದು ಸತ್ತವನ ಮನೆಯವರು. ಕೇಸು ನಮ್ಮ ಸಾಹೇಬರ ಮುಂದೆ.

ಒಂದು ಬೆಳಿಗ್ಗೆ ಅವರು ಬಂಗುಡೆಯ ರೇಟು ಕೇಳುತ್ತಿದ್ದಾಗ ಬಿಳಿ ಅಂಗಿಯ ಗಂಡಸೊಬ್ಬ ನಗುತ್ತ ಬಂದು ನನ್ನ ತಕ್ಕಡಿಯಲ್ಲಿ ಕೋವಿಗೆ ತುಂಬುವ ತೋಟೆಯೊಂದನ್ನು ಇಟ್ಟ. "ಅಕ್ಕ, ಸಾಹೇಬರಿಗೆ ಮೀನಿನ ಜೊತೆ ಇದನ್ನೂ ಕಟ್ಟಿಕೊಡಿ. ಇದಕ್ಕೆ ಚಾರ್ಜ್ ಇಲ್ಲ" ಎಂದು ಹೇಳಿ ಆರಾಮವಾಗಿ ನಡೆದು ಹೋದ. ಅದನ್ನು ತೆಗೆದು ಎಸೆಯಲು ಕೈ ಚಾಚಿದೆ.

"ಮುಟ್ಟಬೇಡಿ ಅಮ್ಮ. ಪೊಲೀಸರಿಗೆ ಫೋನ್ ಮಾಡಿ" ಎಂದರು. ಕೈ ಬೆನ್ನ ಹಿಂದೆಯೇ ಇತ್ತು. "ಬಂಗುಡೆ ಎಷ್ಟು ಅಂದಿರಿ?"

ಕಂಡದ್ದನ್ನು ಕಂಡ ಹಾಗೆ ಪೊಲೀಸರಿಗೆ ಹೇಳಿದೆ. ಮುಂದಿನ ವಾರದಿಂದ ಅವರ ಹಿಂದೆ ಒಬ್ಬ ಗನ್‌ಮ್ಯಾನ್. ಬಂದೂಕು ಕಂಡು ಜನ ಸರಿದು ನಿಲ್ಲತೊಡಗಿದರು. ಕಾಲಿಡಲು ಜಾಗವಿಲ್ಲದ ಮಾರುಕಟ್ಟೆಯಲ್ಲಿ ಅವರ ಸುತ್ತ ಮಾತ್ರ ಖಾಲಿ ನೆಲ. ಪಕ್ಕದಲ್ಲಿ ನಿಂತು ಮಳೆಯ ಮಾತಾಡುತ್ತಿದ್ದವರೂ ದೂರವಾದರು.

ಕೇಳದಿದ್ದರೂ ಸಲಹೆ ಕೊಡುವುದು ನನ್ನ ಗುಣ. ಹೇಳಿದೆ: "ಸಾರ್, ನೀವೇ ಒಂದು ಕೋವಿಗೆ ಲೈಸೆನ್ಸ್ ಮಾಡಿಸಿ."

"ಕೋವಿ ಹಿಡಿದು ಕೂತವನಿಗೆ ಎದುರಿನವನ ಮಾತು ಕೇಳಿಸುವುದಿಲ್ಲ. ನನ್ನ ಕೆಲಸ ಕೇಳುವುದು."

"ಹಾಗಾದರೆ ರಜೆ ಹಾಕಿ ಮಾರಾಯ್ರೆ. ಕೇಸು ಬೇರೆಯವರ ತಲೆಗೆ ಹೋಗಲಿ."

ಅವರು ಮೊದಲ ಬಾರಿ ನಕ್ಕರು. "ನೀವು ವ್ಯಾಪಾರಿ. ಒಂದು ತೋಟೆ ತೋರಿಸಿದರೆ ಜಡ್ಜ್ ಎದ್ದು ಹೋಗುತ್ತಾನೆ ಅಂತ ಒಮ್ಮೆ ರೇಟು ಇಳಿದರೆ ಮತ್ತೆ ಏರಿಸಲಿಕ್ಕೆ ಆಗುತ್ತದಾ?"

ನನ್ನ ಭಾಷೆಯಲ್ಲೇ ನನಗೆ ಪಾಠ ಹೇಳಿದರು, ನಾನು ಮೀನು ಕಟ್ಟಿಕೊಟ್ಟೆ.

ತೀರ್ಪು ಬಂತು. ಬೇಕೆಂದೇ ಕೊಂದದ್ದಕ್ಕೆ ಸಾಕ್ಷಿ ಸಾಲದು, ಏನೆಂದು ನೋಡದೆ ಗುಂಡು ಹಾರಿಸಿ ಜೀವ ತೆಗೆದದ್ದು ನಿಜ ಎಂದು ಬರೆದಿದ್ದರಂತೆ. ಸಾಹುಕಾರ ಜೈಲಿಗೆ ಹೋದ, ಕೋವಿಯೂ ಹೋಯಿತು. ಅವನ ಕಡೆಯವರು ಸಾಹೇಬರನ್ನು ಬೈದರು. ಜುಜುಬಿ ಶಿಕ್ಷೆ ಎಂದು ಸತ್ತವನ ಕಡೆಯವರೂ ಬೈದರು. ಮಾರುಕಟ್ಟೆಯಲ್ಲಿ ಕೆಲವರು "ಹೆದರಿದರು" ಎಂದರು, ಕೆಲವರು "ತಿಂದರು" ಎಂದರು. ಮನಸ್ಸು ತಡೆಯದೆ ಕೇಳಿದೆ: "ಜನ ಹೀಗೆ ಹೇಳ್ತಾರಲ್ಲ ಸಾರ್, ನೀವು ಒಂದು ಮಾತು ಹೇಳಬಾರದಾ?"

"ಹೇಳುವುದನ್ನು ತೀರ್ಪಿನಲ್ಲಿ ಬರೆದಿದ್ದೇನೆ ಅಮ್ಮ. ಬೇರೆ ಮಾತು ನನ್ನ ಬಳಿ ಇಲ್ಲ." ಹಣ ಕೊಟ್ಟು, ಖಾಲಿ ನೆಲದ ನಡುವೆ ನಡೆದು ಹೋದರು.

ನಿವೃತ್ತರಾದ ಮರುದಿನ ಬಂದರು. ಗನ್‌ಮ್ಯಾನ್ ಇರಲಿಲ್ಲ. ಬಂದವರೇ ಅಂಗಿಯ ತೋಳು ಮಡಚಿ, ಎರಡೂ ಕೈ ಮುಂದೆ ಚಾಚಿ, ದೊಡ್ಡ ಅಂಜಲ್ ಮೀನಿನ ಕಿವಿರು ಎತ್ತಿದರು!

"ಎಷ್ಟು?"

ಹೇಳಿದೆ.

"ಮೀನಿಗಾ, ದೋಣಿಗಾ?"

ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬೇಕಾದರೆ ಪಡುಬಿದ್ರಿ ಮಾರ್ಕೆಟಿಗೆ ಹೋಗಿ ಕೇಳಿ ಸಾರ್, ಬಸ್ಸಿನ ಹಣವೂ ಹುಟ್ಟುವುದಿಲ್ಲ" ಎಂದು ಕೂಗಿದೆ. "ಮೀನಿನ ಕಣ್ಣು ಕೆಂಪಾಗಿದೆ, ನಿನ್ನೆಯದು" ಎಂದು ಅವರು. "ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿರಾ?" ಎಂದು ನಾನು. ಜನ ಹತ್ತಿರ ಬಂದರು, ನಕ್ಕರು, ಪಕ್ಕದ ಅಂಗಡಿಯವಳು ಅವರ ಪರ ವಾದಿಸಿದಳು. ಎರಡು ಸಲ ಹೊರಟು ಹೋಗುವ ಹಾಗೆ ಮಾಡಿ ತಿರುಗಿ ಬಂದರು. ಎಲ್ಲಿ ಕಲಿತರೋ! ಕೊನೆಗೆ ನಾನು ಸೋತೆ. ಮೀನಿನ ನೀರು ಮೊಣಕೈವರೆಗೆ ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲೂ ಇಲ್ಲ.

ಹೋದ ವರ್ಷ ಅವರು ತಮ್ಮ ಊರಿನಲ್ಲಿ ತೀರಿಕೊಂಡರಂತೆ. ಸುದ್ದಿ ಹೇಳಿದ್ದು ಅದೇ ಗನ್‌ಮ್ಯಾನ್. ಈಗ ಅವನೂ ನನ್ನ ಗಿರಾಕಿ.

ಈಗಲೂ ಯಾರಾದರೂ ಒಬ್ಬರೇ ಬಂದು, ಹೇಳಿದಷ್ಟು ಹಣ ಸುಮ್ಮನೆ ಕೊಟ್ಟು ಹೊರಟರೆ ನನ್ನ ಮನಸ್ಸು ತಡೆಯುವುದಿಲ್ಲ. ಕೂಗಿ ನಿಲ್ಲಿಸುತ್ತೇನೆ: "ಎಂತ ಸಾರ್, ಸ್ವಲ್ಪ ಕಡಿಮೆ ಮಾಡು ಅಂತ ಕೇಳಬಾರದಾ?"