ಕೀಗೆ ಸುತ್ತಿದ ತಾಯತ

ಹೇಮಶ್ರೀಯ ಕಾರು ಆ ದಿನ ಕೈಕೊಟ್ಟಿದ್ದು ನನ್ನಿಂದ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಾರನ್ನು ಬಯ್ಯುವುದು ಬೇಡ.

ಬಾಗಲಕೋಟೆಯ ಹೆಣ್ಣುಮಗಳು, ಈ ಪರದೇಶದಲ್ಲಿ, ಮಾಲ್ಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಳು. ಇಪ್ಪತ್ತು ವರ್ಷದ ಹಳೇ ಕಾರಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದ ಮುದುಕಿಯರಿಗೆ ಸ್ನಾನ ಮಾಡಿಸುವ ಕೆಲಸ. ಗಟ್ಟಿಗಿತ್ತಿ. ಪಕ್ಕಾ ಲೈಸೆನ್ಸಿನ ಡ್ರೈವಿಂಗ್ ಟೆಸ್ಟಿನವರ ಮುಂದೆ ಮಾತ್ರ ಗಾಬರಿಬಿದ್ದು ಎರಡು ಸಲ ಫೇಲಾಗಿದ್ದಳು. ಅಲ್ಲಿಯತನಕ ಓಡಿಸಲು ಕೊಟ್ಟಿದ್ದ ಐದು ವರ್ಷದ ತಾತ್ಕಾಲಿಕ ಲೈಸೆನ್ಸು ಅಂದಿಗೆ ಮುಗಿಯುತ್ತಿತ್ತು. ಹನ್ನೊಂದು ಗಂಟೆಯ ಟೆಸ್ಟು ಪಾಸಾಗದಿದ್ದರೆ ಮತ್ತೆ ಮೊದಲಿಂದ ಕಲಿಯಬೇಕು. ಅಲ್ಲಿಯವರೆಗೆ ಒಬ್ಬಳೇ ಓಡಿಸುವಂತಿಲ್ಲ. ಓಡಿಸದಿದ್ದರೆ ಕೆಲಸವಿಲ್ಲ.

ಒಳ್ಳೆಯದಾಗಲಿ ಎಂದು ಬೆಳಿಗ್ಗೆ ನಾನೇ ತಾಮ್ರದ ತಗಡಿನ ತಾಯತವನ್ನು ಅವಳ ಕೀಯ ತಲೆಗೆ ಬಿಗಿಯಾಗಿ ಸುತ್ತಿದೆ.

ಹತ್ತಕ್ಕೆ ಕೀ ತಿರುಗಿಸಿದಳು. ಎಂಜಿನ್ ಗುರ್ ಎಂದು ಸತ್ತಿತು. ಎದುರಿಗೆ ಕೆಂಪು ಬೀಗದ ಚಿತ್ರ ಮಿಣಮಿಣ. ಒಡತಿಯನ್ನೇ ಕಳ್ಳಿ ಅಂದುಕೊಂಡಿತ್ತು ಆ ಶನಿ!

"ಅಯ್ಯ ಶಿವನ, ಇವತ್ತ ಯಾಕ?" ಎಂದು ಸ್ಟೇರಿಂಗಿಗೆ ಗುದ್ದಿದಳು.

ಗ್ಯಾರೇಜಿನ ನಿಜಗುಣನಿಗೆ ಫೋನು ಮಾಡಿದೆವು. "ಕೀ ಆನ್ ಮಾಡಿ ಹತ್ತು ನಿಮಿಷ ಬಿಡಿ, ಲೈಟ್ ಆರತ್ತೆ," ಎಂದ. ಬಿಟ್ಟೆವು. ಆರಲಿಲ್ಲ. ಮತ್ತೆ ಹತ್ತು ನಿಮಿಷ. ಊಹೂಂ. ಟೆಸ್ಟಿಗೆ ಕಾರು ನಾವೇ ಒಯ್ಯಬೇಕು, ಟ್ಯಾಕ್ಸಿ ನಡೆಯದು. ಕಾರಿದ್ದ ನಾಲ್ಕು ಜನಕ್ಕೆ ಕರೆ ಮಾಡಿದೆವು, ಎಲ್ಲರೂ ಕೆಲಸದಲ್ಲಿ. ನನ್ನ ಗಂಡ ನಮ್ಮ ಕಾರು ತೆಗೆದುಕೊಂಡು ಬೋಲ್ಟನ್ನಿಗೆ ಹೋಗಿದ್ದರು. ಹೇಮಶ್ರೀ ಜಾಕೆಟ್ಟಿನ ತೋಳು ಬಾಯಿಗೊತ್ತಿಕೊಂಡು ಅತ್ತಳು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ನಿಜಗುಣನೇ ತಿರುಗಿ ಫೋನು ಮಾಡಿದ. "ಆಂಟಿ, ಕೀ ತಲೆಗೆ ಲೋಹ ಗೀಹ ಏನೂ ಸುತ್ತಿಲ್ಲ ತಾನೇ? ಸುತ್ತಿದ್ರೆ ಒಳಗಿರೋ ಚಿಪ್ ಕಾರಿಗೆ ಗೊತ್ತಾಗಲ್ಲ."

ತಾಯತ ಕಿತ್ತೆ. ಕಾರು ಒಂದೇ ತಿರುವಿಗೆ ಸ್ಟಾರ್ಟಾಯಿತು.

ಟೆಸ್ಟಿನ ಜಾಗ ಅರ್ಧ ಗಂಟೆ ದೂರ. ಹೇಮಶ್ರೀ ಅಲ್ಲಿಗೆ ಫೋನು ಮಾಡಿ ಗೋಗರೆದಳು. ತಡವಾಗಿ ಬಂದವರನ್ನು ತೆಗೆದುಕೊಳ್ಳುವುದಿಲ್ಲ, ಇವತ್ತು ಬೇರೆ ಹೊತ್ತೂ ಖಾಲಿಯಿಲ್ಲ ಎಂದರು.

"ನನ್ನ ಕೈ ಸೇದೋಗ! ನಿನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ದೆ ಕಣೇ," ಎಂದು ಅತ್ತೆ.

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಮುಖ ಒರೆಸಿಕೊಂಡು ಬೆಲ್ಟು ಹಾಕಿದಳು.

"ಎಲ್ಲಿಗೆ ಹೊರಟೆ?"

"ರಾತ್ರಿ ಹನ್ನೆರಡರ ತನಕ ಲೈಸೆನ್ಸ್ ಐತಲ್ರಿ ಅಕ್ಕಾ. ಇಬ್ರು ಅಜ್ಜಿಗೋಳಿಗೆ ಸ್ನಾನ ಮಾಡ್ಸೂದೈತಿ. ನಾಳಿಂದ ಬರೂದಿಲ್ಲ ಅಂತನೂ ನಾನ ಹೇಳಬೇಕು."