ಒಂದು ಕಾಫಿ ಅಲ್ಲ

ಟಟಲ್ ಹಿಲ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ವರ್ನಾ ಸ್ಲೋಟ್‌ಗೆ ತಾಮ್ರದ ಹುಚ್ಚು ಹತ್ತಿದ್ದು ಕಲ್ಲು ಆಯುವಾಗ. ಆ ಕಡೆಯ ಹೊಲಗಳು ಪ್ರತಿ ಚಳಿಗಾಲ ಮುಗಿಯುತ್ತಲೇ ಹೊಸ ಕಲ್ಲುಗಳನ್ನು ಹೆರುತ್ತವೆ. ಹಿಮ ಕರಗಿದ ಕೂಡಲೇ ಮನೆಮಂದಿಯೆಲ್ಲ ಸೊಂಟ ಬಾಗಿಸಿ ಆಯಬೇಕು, ಇಲ್ಲದಿದ್ದರೆ ನೇಗಿಲಿಗೆ ಉಳಿಗಾಲವಿಲ್ಲ. ವರ್ನಾ ಇನ್ನೂ ಎರಡು ಜಡೆಯ ಹುಡುಗಿಯಾಗಿದ್ದ ಒಂದು ವಸಂತದಲ್ಲಿ, ಕಲ್ಲೆಂದು ಎತ್ತಿಕೊಂಡದ್ದು ಕಲ್ಲಾಗಿರಲಿಲ್ಲ, ಮಣ್ಣು ಮೆತ್ತಿದ ತಾಮ್ರದ ಬಿಲ್ಲೆ. ಲಂಗಕ್ಕೆ ಉಜ್ಜಿದಳು. ಮಣ್ಣಿನಡಿಯಿಂದ ಒಂದು ಆಮೆ ತಲೆಹಾಕಿತು, ಬೆನ್ನ ಮೇಲೆ ತಿಜೋರಿ ಹೊತ್ತ ಆಮೆ. ತಿರುವಿ ನೋಡಿದರೆ ಕತ್ತೆ.

"ಅಪ್ಪಾ, ಇದ್ಯಾವ ದೇಶದ ದುಡ್ಡು?"

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದ. "ನಮ್ದೇ ದೇಶದ್ದು. ದುಡ್ಡಲ್ಲ ಮಗಾ, ಬೈಗುಳ. ನಮ್ಮ ಮುತ್ತಜ್ಜನ ಕಾಲದಲ್ಲಿ ರಾಜಕೀಯದೋರು ಒಬ್ರನ್ನೊಬ್ರು ತಾಮ್ರದ ಮೇಲೆ ಅಚ್ಚು ಹಾಕಿ ಬೈಕೊಳ್ತಿದ್ರು."

ಅಪ್ಪ ಹೇಳಿದ್ದು ಅರ್ಧ ಕತೆ. ಉಳಿದರ್ಧವನ್ನು ವರ್ನಾ ದೊಡ್ಡವಳಾಗಿ ಇಂಥ ಬಿಲ್ಲೆಗಳನ್ನು ಕೂಡಿಡತೊಡಗಿದ ಮೇಲೆ ತಾನೇ ಕಲಿತಳು. ಆ ಕಾಲದಲ್ಲಿ ಬ್ಯಾಂಕುಗಳು ಮುಗ್ಗರಿಸಿ ಬಿದ್ದು, ಜನ ಇದ್ದ ನಾಣ್ಯವನ್ನೆಲ್ಲ ಹಾಸಿಗೆಯಡಿ ಸೇರಿಸಿಬಿಟ್ಟಿದ್ದರು. ಚಿಲ್ಲರೆಯಿಲ್ಲದೆ ಅಂಗಡಿ ನಡೆಯುವುದು ಹೇಗೆ? ಛತ್ರಿ ಮಾರುವವನು ಛತ್ರಿಯ ಚಿತ್ರ, ಬೂಟು ಹೊಲಿಯುವವನು ಬೂಟಿನ ಚಿತ್ರ ಹಾಕಿ ತಾವೇ ತಾಮ್ರದ ಬಿಲ್ಲೆ ಹೊಡೆಸಿ ಚಿಲ್ಲರೆಯಾಗಿ ನಡೆಸಿದರು. ರಾಜಕೀಯದವರು ಅದೇ ಬಿಲ್ಲೆಯ ಮೇಲೆ ಎದುರಾಳಿಯನ್ನು ಕತ್ತೆ ಮಾಡಿದರು, ಓಡುವ ಹಂದಿ ಮಾಡಿದರು. ಡಾಲರಿನ ಚಿಲ್ಲರೆಯಾದ ಸೆಂಟನ್ನು ಖಾಸಗಿಯಾಗಿ ಅಚ್ಚು ಹಾಕಿದರೆ ಸರ್ಕಾರ ಹಿಡಿಯುತ್ತದಲ್ಲ ಎಂಬ ಭಯಕ್ಕೆ ಒಂದು ಉಪಾಯವನ್ನೂ ಹುಡುಕಿದ್ದರು. ನಡುವೆ ದೊಡ್ಡದಾಗಿ 'ಒಂದು ಸೆಂಟ್' ಎಂದು ಬರೆದು, ಅದರ ನೆತ್ತಿಯ ಮೇಲೆ ಕಂಡೂ ಕಾಣದಂತೆ 'ಅಲ್ಲ' ಎಂದು ಕೆತ್ತಿದರು. ನಾನು ಸೆಂಟ್ ಅಲ್ಲ ಎಂದು ತಾನೇ ಹೇಳಿಕೊಂಡ ಬಿಲ್ಲೆಯನ್ನು ಜನ ಸೆಂಟಾಗಿಯೇ ಕೊಟ್ಟರು, ಸೆಂಟಾಗಿಯೇ ತಗೊಂಡರು. ಇಡೀ ಸಂಗ್ರಹದಲ್ಲಿ ವರ್ನಾಗೆ ಅಚ್ಚುಮೆಚ್ಚು ಇದೇ. "ಸುಳ್ಳನ್ನ ಇಷ್ಟು ನಿಯತ್ತಾಗಿ ಹೇಳಿದ್ದು ಇನ್ನೆಲ್ಲೂ ನೋಡಿಲ್ಲ" ಅನ್ನುತ್ತಿದ್ದಳು.

ಅವಳು ಮದುವೆಯಾದ ಲೈಲ್ ಹಸು ಸಾಕುವ ಮಿತಭಾಷಿ. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹೆಂಡತಿ ಬಿಲ್ಲೆಗಳನ್ನು ಹರವಿಕೊಂಡರೆ ಅವನು ತನ್ನ ಆಲೂಗಡ್ಡೆ ತಟ್ಟೆಯನ್ನು ಮೂಲೆಗೆ ಎಳೆದುಕೊಂಡು ತಿನ್ನುತ್ತಿದ್ದ. ತಿಂಗಳಿಗೊಮ್ಮೆ ಹತ್ತಿರದ ಪಟ್ಟಣ ಯುಟಿಕಾದಲ್ಲಿ, ಅಗ್ನಿಶಾಮಕ ಠಾಣೆಯ ಮಾಳಿಗೆಯಲ್ಲಿ ನಾಣ್ಯ ಸಂಘದ ಸಭೆ. ಅಲ್ಲಿ ಎಲ್ಲರೂ ಗಂಡಸರು, ವರ್ನಾ ಒಬ್ಬಳೇ ಹೆಂಗಸು. ಮೊದಮೊದಲು ಅವಳನ್ನು ಕಾಫಿ ಕೊಡಲು ಬಂದವಳೆಂದುಕೊಂಡರು. ಅವಳ ಕೈಗೆ ಟ್ರಾಯ್ ಊರಿನ ದಿನಸಿ ಅಂಗಡಿಯ ಅಪರೂಪದ ಬಿಲ್ಲೆ ಬಿದ್ದ ದಿನ ಅದನ್ನು ನೋಡಲು ಕುರ್ಚಿಗಳೆಲ್ಲ ಅವಳ ಮೇಜಿನ ಸುತ್ತ ಬಂದವು. ಅವರಲ್ಲಿ ಲ್ಯುಡ್ವಿಕ್ ಮಜೂರ್ ಎಂಬ ಮುದುಕ ಅವಳಿಗೆ ಆಪ್ತನಾದ. ಪೋಲೆಂಡಿನವರ ಮಗ. ಚಮಚ-ಫೋರ್ಕುಗಳ ಕಾರ್ಖಾನೆಯಲ್ಲಿ ಅಚ್ಚು ಕೆತ್ತಿ ನಿವೃತ್ತನಾದವನು. ಸಭೆಗೆ ಬರುವಾಗಲೆಲ್ಲ ಅರ್ಧ ಬಿಳಿ ಅರ್ಧ ಕಪ್ಪು ಲೇಪದ, 'ಅರ್ಧಚಂದ್ರ' ಎಂಬ ದುಂಡು ಬಿಸ್ಕತ್ತುಗಳ ಪೊಟ್ಟಣ ತಂದು, ಬಿಳಿಯ ಭಾಗ ತಾನು ತಿಂದು ಕಪ್ಪನ್ನು ಅವಳಿಗೆ ಕೊಡುತ್ತಿದ್ದ.

ಬದುಕು ಹೀಗೇ ಸಾಗುತ್ತಿತ್ತೇನೋ. ಆದರೆ ಎಪ್ಪತ್ತರ ದಶಕದ ಒಂದು ಜನವರಿಯಲ್ಲಿ ಹಿಮ ಬಿರುಗಾಳಿ ಬಂತು.

ಮಧ್ಯಾಹ್ನ ಮಕ್ಕಳನ್ನು ಮನೆಗೆ ಬಿಡುವಾಗ ಗುಡ್ಡದ ರಸ್ತೆಯಲ್ಲಿ ಬಸ್ಸು ಹೂತುಹೋಯಿತು. ಹಿಂದೆ ಮುಂದೆ ಬಿಳಿ ಗೋಡೆ. ಹಿರಿಯ ಹುಡುಗರಿಬ್ಬರು ಹತ್ತಿರದ ಮನೆಗೆ ನಡೆದು ಊರಿನವರು ಚುನಾಯಿಸಿದ, ಹಿಮ ತೆಗೆಸುವ ಹೊಣೆ ಹೊತ್ತ ರಸ್ತೆ ಮೇಲ್ವಿಚಾರಕ ಆರ್ಲೋ ಡೈಕ್‌ಮನ್‌ಗೆ ಫೋನ್ ಮಾಡಿಸಿದರು. "ಬರ್ತಾ ಇದೀನಿ" ಅಂದ. ಫೋನ್ ಮೇಲೆ ಫೋನ್ ಹೋಯಿತು. ಪ್ರತಿ ಸಲವೂ "ಬರ್ತಾ ಇದೀನಿ". ಬಸ್ಸಿನಲ್ಲಿ ಚಿಕ್ಕ ಮಕ್ಕಳು ಅಳತೊಡಗಿದವು. ವರ್ನಾ ಕೋಟಿನ ಜೇಬಿನಿಂದ ಬಿಲ್ಲೆಗಳ ಚೀಲ ತೆಗೆದು ಹಂಚಿದಳು. ಬಿಲ್ಲೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುವುದನ್ನು ತೋರಿಸಿಕೊಟ್ಟಳು. ಅಳು ನಿಂತು "ಮಿಸೆಸ್ ಸ್ಲೋಟ್, ನನಗೆ ಹಂದಿ ಬಂತು", "ನನ್ನ ಕತ್ತೆಗೆ ಕಿವಿ ಮೂಡ್ಲಿಲ್ಲ" ಎಂಬ ಗದ್ದಲ ಶುರುವಾಯಿತು. ಕೊನೆಗೆ ಲೈಲ್ ಟ್ರ್ಯಾಕ್ಟರ್ ತಂದು ಬಸ್ಸನ್ನು ಎಳೆದ. ಕೆಳಗಿಳಿದು ಬರುವಾಗ ಡೈಕ್‌ಮನ್‌ನ ಬಾಮೈದನ ಅಂಗಳ ಕಂಡಿತು. ಕನ್ನಡಿಯ ಹಾಗೆ ಗುಡಿಸಿತ್ತು. ಹಿಮ ತಳ್ಳುವ ಹಲಗೆ ಕಟ್ಟಿದ ಊರಿನ ಲಾರಿ ಅಲ್ಲೇ ನಿಂತಿತ್ತು.

ಮರುದಿನ ಬೆಳಿಗ್ಗೆ ವರ್ನಾ ಊರಿನ ಲಾರಿ ಶೆಡ್ಡಿಗೆ ಹೋದಳು. ಡೈಕ್‌ಮನ್ ಸ್ಟವ್ ಪಕ್ಕ ಕೈ ಕಾಯಿಸಿಕೊಳ್ಳುತ್ತಿದ್ದ.

"ಬರ್ತಾ ಇದೀನಿ ಅಂದ್ಯಲ್ಲ ಆರ್ಲೋ, ಎಲ್ಲಿಗ್ ಬಂದೆ?"

"ಒಂದೇ ಲಾರಿ ಇರೋದು ವರ್ನಾ. ಒಂದು ಕಡೆಯಿಂದ ಮಾಡ್ಕೊಂಡ್ ಬರ್ಬೇಕು."

"ಆ ಕಡೆ ಯಾವಾಗ್ಲೂ ನಿನ್ ಬಾಮೈದನ ಮನೆಯಿಂದ್ಲೇ ಶುರುವಾಗುತ್ತಲ್ಲ."

ಶೆಡ್ಡಿನ ಗಂಡಸರು ಕಿಸಕ್ಕೆಂದರು. ಡೈಕ್‌ಮನ್‌ನ ಮುಖ ಬಿಗಿಯಿತು. "ಹಿಮದ ಲಾರಿ ಓಡ್ಸೋದು ಅಂದ್ರೆ ತುಕ್ಕು ಹಿಡಿದ ತಾಮ್ರ ಉಜ್ಜಿದ ಹಾಗಲ್ಲ ಕಣಮ್ಮ. ಅಷ್ಟು ಗೊತ್ತಿದ್ರೆ ಚುನಾವಣೆಗೆ ನೀನೇ ನಿಂತ್ಕೋ."

"ತಾಮ್ರ ತುಕ್ಕು ಹಿಡಿಯಲ್ಲ, ಕಿಲುಬು ಹಿಡಿಯುತ್ತೆ" ಅಂದಳು ವರ್ನಾ. "ನಿಂತ್ಕೋತೀನಿ."

ಮನೆಗೆ ಬಂದು ಹೇಳಿದಾಗ ಲೈಲ್ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

"ಹಾಗಾದ್ರೆ ಹಸು ಯಾರು ಕರೀತಾರೆ?"

"ಇಷ್ಟು ವರ್ಷ ಯಾರು ಕರೀತಿದ್ರು?"

"ನಾನೇ."

"ಮತ್ತಿನ್ನೇನು?"

ನಿಲ್ಲುವುದು ಸುಲಭ, ವೋಟು ಕೇಳುವುದು ಕಷ್ಟ. ಬೇಸಿಗೆಯೆಲ್ಲ ವರ್ನಾ ಮನೆ ಮನೆ ಸುತ್ತಿದಳು. ಬಾಗಿಲು ತೆಗೆದವರೆಲ್ಲ "ನೀನು ಒಳ್ಳೆಯವಳು ವರ್ನಾ, ಆದ್ರೆ..." ಅನ್ನುತ್ತಿದ್ದರು. ಆ 'ಆದ್ರೆ'ಯ ಹಿಂದೆ ಏನಿದೆಯೆಂದು ಅವಳಿಗೂ ಗೊತ್ತಿತ್ತು. ಆರ್ಲೋನಿಗಿಂತ ಮೊದಲು ಅವನಪ್ಪ ಅದೇ ಕುರ್ಚಿಯಲ್ಲಿದ್ದ. ಹೆಂಗಸು ಆ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಚರ್ಚಿನ ಕೋಳಿ ಊಟದ ದಿನ ಅವಳು ಹಂಚಿದ ಕಾಗದಗಳಲ್ಲಿ ಅರ್ಧದಷ್ಟು ಅಲ್ಲೇ ಮೇಜು ಒರೆಸಲು ಬಳಕೆಯಾದವು.

ಸಂಘದ ಸಭೆಯಲ್ಲಿ ಅದನ್ನು ಹೇಳಿ ನಕ್ಕಳು. ಲ್ಯುಡ್ವಿಕ್ ನಗಲಿಲ್ಲ.

"ಕಾಗದ ಯಾಕೆ ಹಂಚ್ತೀಯ?" ಅಂದ. ಅವಳ ಬಿಲ್ಲೆಗಳ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದ. "ಇದರೊಳಗಿರೋರು ಕಾಗದ ಹಂಚಿದ್ರಾ? ಹಂಚಿದ್ರೆ ಇವತ್ತು ನಿನ್ನ ಕೈಲಿ ಇರ್ತಿದ್ರಾ?"

ವರ್ನಾ ಪೆಟ್ಟಿಗೆಯಿಂದ ಆಮೆಯ ಬಿಲ್ಲೆ ತೆಗೆದು ಅವನ ಮುಂದಿಟ್ಟಳು.

"ಜೀವಮಾನವೆಲ್ಲ ಚಮಚದ ಹಿಡಿಗೆ ಗುಲಾಬಿ ಕೆತ್ತಿದೀನಿ ಕಣಮ್ಮ. ಗುಲಾಬಿ, ಗುಲಾಬಿ, ಮತ್ತೆ ಗುಲಾಬಿ. ಸಾಯೋದ್ರೊಳಗೆ ಒಂದು ಆಮೆ ಕೆತ್ತಬೇಕು ಅಂತಿದೆ."

ಕೆಲಸ ಶುರುವಾಯಿತು. ತಾಮ್ರ ಲೈಲ್‌ನದು, ಹಾಲಿನ ಕೊಠಡಿಯ ಹಳೆಯ ಹಂಡೆ ಕತ್ತರಿಸಿ ಕೊಟ್ಟ. ಲ್ಯುಡ್ವಿಕ್‌ನ ನೆಲಮಾಳಿಗೆಯಲ್ಲಿ ತಿರುಪಿನ ಒತ್ತುಯಂತ್ರವಿತ್ತು. ಬಿಲ್ಲೆಯ ಒಂದು ಮುಖದಲ್ಲಿ ಹಿಮದ ಲಾರಿಯ ಹಲಗೆಯನ್ನು ಕೊರಳಿಗೆ ಕಟ್ಟಿಕೊಂಡ ಆಮೆ, ಅದರ ಬಾಯಿಂದ 'ಬರ್ತಾ ಇದೀನಿ' ಎಂಬ ಮಾತು. ಇನ್ನೊಂದು ಮುಖದ ಅಂಚಿನಲ್ಲಿ ವರ್ನಾಳ ಹೆಸರು. ನಡುವಿನ ಜಾಗವನ್ನು ನಾಲ್ಕು ರಸ್ತೆ ಕೂಡುವಲ್ಲಿ ಹೋಟೆಲು ನಡೆಸುವ ಬರ್ನೀಸ್ ಕೇಳಿಕೊಂಡಳು. "ಹಳೇ ಬಿಲ್ಲೆಗಳಲ್ಲಿ ಅಂಗಡಿಯವರೂ ಇರ್ತಿದ್ರು ಅಂತೀಯಲ್ಲ. ನನ್ನನ್ನೂ ಹಾಕು. ಬಿಲ್ಲೆ ತಂದೋರಿಗೆ ಒಂದು ಕಾಫಿ." ಹಾಗಾಗಿ ಬರ್ನೀಸಳ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ 'ಒಂದು ಕಾಫಿ' ಬಂತು.

ಮೊದಲ ಹಿಡಿ ಬಿಲ್ಲೆಗಳು ಯಂತ್ರದಿಂದ ಬಿಸಿಬಿಸಿಯಾಗಿ ಇಳಿದವು. ಅದರಲ್ಲೊಂದು ಬರ್ನೀಸಳ ಗಲ್ಲೆಯ ಪಕ್ಕ ಕೂತಿತ್ತು. ಡೈಕ್‌ಮನ್ ಸೇಬಿನ ಪೈ ತಿಂದು ಎದ್ದವನು ಅದನ್ನು ಕಂಡ, ಓದಿದ, ಜೇಬಿಗೆ ಹಾಕಿಕೊಂಡು ನೆಟ್ಟಗೆ ಊರಿನ ವಕೀಲನ ಬಳಿ ಹೋದ. ವಕೀಲ ವರ್ನಾಳನ್ನು ಕರೆಸಿ ಹೇಳಿದ: "ವೋಟಿಗೆ ಕಾಫಿಯ ಆಸೆ ತೋರಿಸಿದ ಹಾಗಾಯ್ತಲ್ಲ. ಸಣ್ಣ ವಿಷಯವೇ. ಆದ್ರೆ ತಕರಾರು ಬಂದಿದೆ. ಹಂಚದೇ ಇರೋದು ಒಳ್ಳೇದು."

ಹೊರಗೆ ಡೈಕ್‌ಮನ್ ಕಾದಿದ್ದ. "ಏನಮ್ಮ, ಆಮೆ ಮಗುಚಿ ಬಿತ್ತಾ?"

ವರ್ನಾ ಕಾರು ಹತ್ತಿ ಹೊರಟಳು. ಅಷ್ಟು ತಾಮ್ರ, ಮುದುಕನ ಅಷ್ಟು ದಿನಗಳ ಕಣ್ಣು, ಎಲ್ಲ ನೀರುಪಾಲು. ಸೇತುವೆ ದಾಟುವಾಗ ಇದ್ದಕ್ಕಿದ್ದಂತೆ ನಗು ಬಂತು. ಕಾರನ್ನು ಬದಿಗೆ ನಿಲ್ಲಿಸಬೇಕಾಯಿತು, ಅಷ್ಟು ನಗು. ಅಲ್ಲಿಂದ ಸೀದಾ ಲ್ಯುಡ್ವಿಕ್‌ನ ನೆಲಮಾಳಿಗೆಗೆ.

"ನಿನ್ನ ಅಚ್ಚಲ್ಲಿ 'ಒಂದು ಕಾಫಿ' ಮೇಲೆ ಜಾಗ ಇದೆಯಾ?"

ಮುದುಕ ಭೂತಗನ್ನಡಿ ಹಿಡಿದು ನೋಡಿದ. "ಇರುವೆ ಮಲಗೋವಷ್ಟಿದೆ."

"ಸಾಕು. ಅಲ್ಲಿ 'ಅಲ್ಲ' ಅಂತ ಹಾಕು."

ಲ್ಯುಡ್ವಿಕ್ ತನ್ನ ಭಾಷೆಯಲ್ಲಿ ಅಜ್ಜಿಯನ್ನೋ ದೇವರನ್ನೋ ಕರೆದು, ಅತಿ ಸಣ್ಣ ಉಳಿಯನ್ನು ಹುಡುಕತೊಡಗಿದ. ಮೊದಲ ಹಿಡಿ ಬಿಲ್ಲೆಗಳನ್ನು ಆ ದಿನವೇ ಕರಗಿಸಿದರು. ಹೊಸ ಬಿಲ್ಲೆಯನ್ನು ವರ್ನಾ ವಕೀಲನ ಮೇಜಿನ ಮೇಲಿಟ್ಟಳು. ಅವನು ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ ಓದಿದ. "ಒಂದು ಕಾಫಿ ಅಲ್ಲ ಅಂತ ಬರೆದಿದೆ."

"ಹೌದು. ಕಾಫಿ ಕೊಡಲ್ಲ ಅಂತ ಮೊದ್ಲೇ ಹೇಳ್ತಿದೀನಿ."

"ಕೊಡಲ್ಲ ಅನ್ನೋದನ್ನ ತಡೆಯೋಕೆ ನನ್ನ ಹತ್ರ ಕಾನೂನಿಲ್ಲ" ಎಂದು ವಕೀಲ ತನಗೂ ಒಂದು ಇಟ್ಟುಕೊಂಡ.

ಆ ಬಿಲ್ಲೆ ಓಡಾಡಿದ ಪರಿಯನ್ನು ಆಮೆ ಎಂದರೆ ಯಾರೂ ನಂಬರು. ಹಾಲು ಕರೆಯುವವರ ಜೇಬಿಗೆ ಹೋಯಿತು, ಹಾಲಿನ ಲಾರಿಯಲ್ಲಿ ಪಕ್ಕದೂರಿಗೆ ಹೋಯಿತು. ಹಂದಿಯ ಚೌಕಾಸಿ ಮುರಿದುಬಿದ್ದಾಗ ಚಿಮ್ಮಿಸಿ ತೀರ್ಮಾನಿಸಲು ಒದಗಿತು. ಭಾನುವಾರ ಚರ್ಚಿನ ಕಾಣಿಕೆ ತಟ್ಟೆಯಲ್ಲಿ ಆಮೆಗಳು ಸಿಕ್ಕಿದಾಗ ಪಾದ್ರಿ, "ದೇವರಿಗೂ ಕಾಫಿ ಇಲ್ಲ ಅಂದ್ರಾ?" ಎಂದು ಪ್ರವಚನದ ನಡುವೆಯೇ ಕೇಳಿದರು. ಬರ್ನೀಸಳ ಹೋಟೆಲಿನಲ್ಲಂತೂ ಅದೇ ನಾಟಕ. ಯಾರಾದರೂ ಗಂಭೀರವಾಗಿ ಬಿಲ್ಲೆ ಮುಂದಿಟ್ಟು "ಒಂದು ಕಾಫಿ" ಅನ್ನುವುದು, ಅವಳು ಅಷ್ಟೇ ಗಂಭೀರವಾಗಿ ಉಗುರಿನಿಂದ ತೋರಿಸಿ "ಓದೋಕ್ ಬರಲ್ವಾ?" ಅನ್ನುವುದು. ಡೈಕ್‌ಮನ್ ಎಲ್ಲಿಗೆ ಕಾಲಿಟ್ಟರೂ ಮೂಲೆಯಿಂದ ಯಾರೋ "ಬರ್ತಾ ಇದೀನಿ" ಅನ್ನುತ್ತಿದ್ದರು.

ನಗಿಸಿದ ಮಾತ್ರಕ್ಕೆ ವೋಟು ಬೀಳುವುದಿಲ್ಲ. ಆದರೆ ನಕ್ಕವರು ಬಾಗಿಲು ಮುಚ್ಚುವುದಿಲ್ಲ, ಕೂತು ಕೇಳುತ್ತಾರೆ. ಚುನಾವಣೆಗೆ ಮುಂಚೆ ರೈತರ ಸಭಾಂಗಣದಲ್ಲಿ ಇಬ್ಬರನ್ನೂ ವೇದಿಕೆಗೆ ಹತ್ತಿಸಿದರು. ಡೈಕ್‌ಮನ್ ತನ್ನಪ್ಪನ ಬಗ್ಗೆ ಬಹಳ ಹೊತ್ತು ಮಾತಾಡಿದ. ವರ್ನಾ ಎದ್ದು, "ಮಕ್ಕಳ ಬಸ್ಸು ಹೋಗೋ ದಾರಿ ಮೊದಲು. ಹಾಲಿನ ಲಾರಿ ದಾರಿ ಆಮೇಲೆ. ನನ್ನ ಮನೆ ಎಲ್ಲಕ್ಕಿಂತ ಕೊನೆಗೆ. ಲೈಲ್, ಕೇಳಿಸ್ತಾ?" ಅಂದಳು. ಹಿಂದಿನ ಸಾಲಿನಿಂದ ಲೈಲ್, "ಕೇಳಿಸ್ತು, ಬೇರೆ ದಾರಿಯಿಲ್ಲ" ಅಂದ. ಸಭೆ ಮೆಚ್ಚಿ ನೆಲಕ್ಕೆ ಕಾಲು ಬಡಿಯಿತು.

ನವೆಂಬರಿನ ಮತದಾನ ಮುಗಿದ ರಾತ್ರಿ ವರ್ನಾ ಎಣಿಕೆಗೆ ಕಾಯದೆ ಮಲಗಿಬಿಟ್ಟಳು, ಬೆಳಿಗ್ಗೆ ಬಸ್ಸಿತ್ತಲ್ಲ. ಮಕ್ಕಳನ್ನು ಇಳಿಸಿ ಹೋಟೆಲಿನ ಬಾಗಿಲು ತಳ್ಳಿದರೆ ಒಳಗಿದ್ದವರೆಲ್ಲ ಎದ್ದು ನಿಂತರು. ಯುಟಿಕಾದಿಂದ ಸಂಘದ ಮುದುಕರೂ ಬಂದಿದ್ದರು. ಲ್ಯುಡ್ವಿಕ್ ಟೈ ಕಟ್ಟಿದ್ದ. ಗುಡ್ಡದ ಮೇಲಿನವರು ಒಬ್ಬರೂ ಬಿಡದೆ ಅವಳಿಗೆ ಹಾಕಿದ್ದರು, ಕೆಳಗಿನವರಲ್ಲೂ ಮುಕ್ಕಾಲು ಪಾಲು. ಬರ್ನೀಸ್ ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುತ್ತ, "ಕೂತ್ಕೊಳ್ಳೇ ಮೇಲ್ವಿಚಾರಕಿ" ಅಂದಳು.

ಅಷ್ಟರಲ್ಲಿ ಡೈಕ್‌ಮನ್ ಒಳಗೆ ಬಂದ. ಅವನು ಗಲ್ಲೆಯ ಬಳಿ ಹೋಗಿ ಜೇಬಿನಿಂದ ಒಂದು ಬಿಲ್ಲೆ ತೆಗೆದಿಟ್ಟ.

"ಒಂದು ಕಾಫಿ."

"ಆರ್ಲೋ, ಓದೋಕ್..." ಎನ್ನುತ್ತಲೇ ಬರ್ನೀಸ್ ಬಗ್ಗಿ ನೋಡಿದಳು. ನೆತ್ತಿಯ ಮೇಲೆ 'ಅಲ್ಲ' ಇರಲಿಲ್ಲ. ವಕೀಲನ ಬಳಿಗೆ ಒಯ್ದಿದ್ದ ಬಿಲ್ಲೆ, ಕರಗದೆ ಉಳಿದ ಒಂದೇ ಒಂದು. ಬರ್ನೀಸ್ ಲೋಟ ತುಂಬಿಸಿದಳು.

"ಸೋತ್ರೂ ಊರಲ್ಲಿ ಪುಕ್ಕಟೆ ಕಾಫಿ ಸಿಕ್ಕಿದ್ದು ನನಗೊಬ್ನಿಗೇ" ಅಂದ ಡೈಕ್‌ಮನ್. ನಗು ಮತ್ತೆ ಉಕ್ಕಿತು. ಅವನು ಲೋಟವನ್ನು ವರ್ನಾಳ ಕಡೆ ಎತ್ತಿದ. "ದೊಡ್ಡ ಲಾರಿಯ ಎರಡನೇ ಗೇರು ಸ್ವಲ್ಪ ಹಟ ಮಾಡುತ್ತೆ. ನಾಳೆ ಬಾ, ತೋರಿಸ್ತೀನಿ."

"ಬರ್ತೀನಿ" ಅಂದಳು ವರ್ನಾ. ಆದರೆ ಅವಳ ಕಣ್ಣು ಗಲ್ಲೆಯ ಮೇಲಿದ್ದ ಬಿಲ್ಲೆಯ ಮೇಲೇ ಇತ್ತು. ಗೆದ್ದವಳು ಹಿಂದೆ ಸರಿದು, ಸಂಗ್ರಹದವಳು ಮುಂದೆ ಬಂದಿದ್ದಳು. ಸಂಘದ ಮುದುಕರ ಕೈಗಳೂ ಆಗಲೇ ಅತ್ತ ಚಾಚಿದ್ದವು. ಅವರಿಗಿಂತ ಮೊದಲು ಅವಳು ಒಂದು ಕಾಫಿಯ ದುಡ್ಡನ್ನು ಗಲ್ಲೆಗೆ ಹಾಕಿ, ಬಿಲ್ಲೆಯನ್ನು ಎತ್ತಿಕೊಂಡು, ಮುಷ್ಟಿ ಮುಚ್ಚಿದಳು. "ಅನ್ಯಾಯ" ಅಂದ ಲ್ಯುಡ್ವಿಕ್. "ಕೆತ್ತಿದೋನು ನಾನು."

"ಅದಕ್ಕೇ ನಿನ್ನನ್ನ ತಳ್ಳಲಿಲ್ಲ, ಪಕ್ಕಕ್ಕೆ ಸರಿಸಿದೆ ಅಷ್ಟೆ."

ಹೊಸ ವರ್ಷದಲ್ಲಿ ಅವಳು ಅಧಿಕಾರ ವಹಿಸಿಕೊಂಡ ವಾರವೇ ಭಾರಿ ಹಿಮ ಬಿತ್ತು. ವರ್ನಾ ನಸುಕಿನಲ್ಲೇ ಲಾರಿ ಹತ್ತಿದಳು. ಗುಡ್ಡದ ರಸ್ತೆಯಿಂದ ಶುರುಮಾಡಿದಳು. ಹಲಗೆಯ ಮುಂದೆ ಹಿಮ ಅಲೆಯಂತೆ ಎದ್ದು ಬದಿಗೆ ಮಗುಚಿತು. ಯಾವ ತಿರುವಿನಲ್ಲಿ ಚರಂಡಿ, ಯಾವ ಬೇಲಿಯ ಬುಡದಲ್ಲಿ ಬಂಡೆ, ಎಲ್ಲವೂ ಬಸ್ಸು ಓಡಿಸಿದ ಕೈಗೆ ಗೊತ್ತಿತ್ತು. ನೆತ್ತಿ ತಲುಪಿ ಹಿಂದಿರುಗಿ ನೋಡಿದಾಗ ರಸ್ತೆ ಕಣಿವೆಯವರೆಗೂ ಕಪ್ಪಗೆ ಬಿಚ್ಚಿಕೊಂಡು ಮಲಗಿತ್ತು. ಅವಳು ಲಾರಿಯಲ್ಲಿ ಒಬ್ಬಳೇ ಜೋರಾಗಿ ಕೂಗಿದಳು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲವಾದ್ದರಿಂದ ಇನ್ನೊಮ್ಮೆ ಕೂಗಿದಳು.

ಮನೆ ಸೇರಿದಾಗ ಲೈಲ್ ಅಂಗಳವನ್ನು ತಾನೇ ಸಲಿಕೆಯಿಂದ ಗೋರಿ, ಬೆವರುತ್ತ ಮೊಟ್ಟೆ ಹುರಿಯುತ್ತಿದ್ದ. ರೇಡಿಯೋದಲ್ಲಿ ಹಿಮದಿಂದಾಗಿ ಮುಚ್ಚಿದ ಶಾಲೆಗಳ ಹೆಸರು ಓದುತ್ತಿದ್ದರು. ಸುತ್ತಲ ಊರುಗಳೆಲ್ಲ ಒಂದೊಂದಾಗಿ ಬಂದುಹೋದವು. ಇಬ್ಬರೂ ತಟ್ಟೆ ಮರೆತು ಕಿವಿಗೊಟ್ಟರು. ಟಟಲ್ ಹಿಲ್ ಬರಲಿಲ್ಲ.

"ಇವತ್ತು ಊರಿನ ಮಕ್ಕಳೆಲ್ಲ ನಿನಗೆ ಶಾಪ ಹಾಕ್ತವೆ" ಅಂದ ಲೈಲ್.

"ಹಾಕ್ಲಿ" ಎಂದು ವರ್ನಾ ಇನ್ನೊಂದು ಮೊಟ್ಟೆ ಕೇಳಿದಳು.