ನೀರಿನ ಲೆಕ್ಕದಲ್ಲಿ ಕಳೆದ ನಾಲ್ಕು ಕಿಲೋ

2022ರಲ್ಲಿ ನಾನು ಉದಕಮಂಡಲದಲ್ಲಿ ಮನೋವೈದ್ಯೆಯಾಗಿದ್ದೆ. ಪ್ರತಿ ಬುಧವಾರ ಬೆಟ್ಟದ ಹಳ್ಳಿ ಕಟ್ಟಬೆಟ್ಟಿಗೆ ಹೋಗಿ, ಒಂದು ಟ್ರಸ್ಟ್ ನಡೆಸುತ್ತಿದ್ದ ಸಣ್ಣ ಕ್ಲಿನಿಕ್‌ನಲ್ಲಿ ಕೂರುತ್ತಿದ್ದೆ. ಒಂದು ಟೇಬಲ್ಲು, ಒಂದು ತೂಕದ ಯಂತ್ರ, ಒಬ್ಬಳು ನರ್ಸ್, ಮಧ್ಯಾಹ್ನದೊಳಗೆ ನಲವತ್ತು ರೋಗಿಗಳು. ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿದೆ, ನನಗೆ ತಿಳಿಯದ್ದು ಏನಿದೆ ಎಂಬ ಜಂಬ ಆಗ ಇತ್ತು. ಅದನ್ನು ಇಳಿಸಿದವಳು ನಾಗಮಣಿ.

ನಾಗಮಣಿಗೆ ಆಗ ಮೂವತ್ತೊಂದು ವರ್ಷ. ಅವಳ ಗಂಡ ಸಿದ್ದರಾಜುವಿನ ಅಜ್ಜ ಆಲೂಗೆಡ್ಡೆ ಬೆಳೆಯಲೆಂದು ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿದವರು. ಈಗ ಅವರಿಗೊಂದು ತುಂಡು ಟೀ ತೋಟವಿದೆ. ಸಿದ್ದರಾಜು ಫ್ಯಾಕ್ಟರಿಗೆ ಎಲೆ ಸಾಗಿಸುವ ವ್ಯಾನಿನ ಡ್ರೈವರ್. ನಾಗಮಣಿ ಎಲೆ ಸಂಗ್ರಹದ ಶೆಡ್ಡಿನಲ್ಲಿ ಸಣ್ಣ ಬೆಳೆಗಾರರು ತಂದ ಮೂಟೆಗಳನ್ನು ತೂಗುತ್ತಿದ್ದಳು. ಮಳೆಯಲ್ಲಿ ಕಿತ್ತ ಎಲೆಯಲ್ಲಿ ನೀರು ನಿಂತಿರುತ್ತದೆ. ಹಾಗಾಗಿ ಮೂಟೆಯ ತೂಕದಲ್ಲಿ ನೀರಿಗೆಂದು ಇಷ್ಟು ಕಿಲೋ ಕಳೆಯುವುದು ಅಲ್ಲಿನ ಪದ್ಧತಿ. ಎಲೆಯನ್ನು ಹಿಡಿಯಲ್ಲಿ ಹಿಂಡಿ ನೋಡಿ ಎಷ್ಟು ಕಳೆಯಬೇಕೆಂದು ಹೇಳುವುದರಲ್ಲಿ ಅವಳದು ಪಳಗಿದ ಕೈ. ಅವಳು ಹೇಳಿದ ಮೇಲೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಅವಳಿಗಿದ್ದದ್ದು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಮಿತಿಮೀರಿ ಉಕ್ಕುತ್ತದೆ, ಇನ್ನೊಮ್ಮೆ ಪೂರ್ತಿ ಕುಗ್ಗುತ್ತದೆ. ಮೊದಲ ಸಲ ಉಕ್ಕಿದಾಗ ಮೂರು ದಿನ ನಿದ್ದೆಯಿಲ್ಲದೆ ಕಂಡವರ ತೋಟಕ್ಕೆಲ್ಲ ನುಗ್ಗಿ ಎಲೆ ಕಿತ್ತಿದ್ದಳು. ಬೆರಳುಗಳಿಂದ ರಕ್ತ ಸುರಿಯುತ್ತಿದ್ದರೂ ನಿಲ್ಲಿಸಿರಲಿಲ್ಲ. ಎರಡು ಬೇರೆ ಔಷಧಿಗಳು ಸೋತ ಮೇಲೆ ಲಿಥಿಯಂ ಕೊಟ್ಟೆ, ದಿನಕ್ಕೆ 900 ಮಿಲಿಗ್ರಾಂ. ಅದು ಹಿಡಿಯಿತು. ಅವಳು ಶೆಡ್ಡಿಗೆ ಮರಳಿದಳು, ಐದು ವರ್ಷದ ಮಗಳಿಗೆ ತಾನೇ ಜಡೆ ಹಾಕತೊಡಗಿದಳು.

ಆದರೆ ಮೈ ಬೆಳೆಯಿತು. ಒಂದೂವರೆ ವರ್ಷದಲ್ಲಿ 51 ಕಿಲೋ ಇದ್ದವಳು 66 ಆದಳು. ಏರುತೋಟದಲ್ಲಿ ಮಂಡಿ ನೋವು, ಮದುವೆ ಮನೆಗಳಲ್ಲಿ "ಎಷ್ಟನೇ ತಿಂಗಳು?" ಎಂಬ ಪ್ರಶ್ನೆ. ಶೆಡ್ಡಿನಲ್ಲಿ ಗಂಡಸರು "ಮೂಟೆ ಆಮೇಲೆ, ಮೊದ್ಲು ನಿನ್ ತೂಕ ಹಾಕು" ಎಂದು ನಗುತ್ತಿದ್ದರಂತೆ. ಜೂನ್ ತಿಂಗಳಲ್ಲಿ ನನ್ನೆದುರು ಕೂತು ಅತ್ತುಬಿಟ್ಟಳು.

"ಈ ಮಾತ್ರೆ ತಿಂದ್ರೆ ಮೈ ಊದ್ಕತದ, ಬುಟ್ರೆ ತಲೆ ಕೆಡ್ತದ. ನಾನ್ ಯಾವ್ ಕಡೀಕ್ ಹೋಗ್ಲಿ ಹೇಳಿ ಡಾಕ್ಟ್ರಮ್ಮ."

ಪಕ್ಕದಲ್ಲಿದ್ದ ಸಿದ್ದರಾಜು ಗಾಬರಿಯಿಂದ ಕೈಮುಗಿದ. "ದಪ್ಪ ಆದ್ರೆ ಆಗ್ಲಿ ಮೇಡಂ, ಮಾತ್ರೆ ಮಾತ್ರ ಬುಡಿಸ್ಬ್ಯಾಡಿ. ಅವತ್ತಿನ್ ಇವಳ ಕೈ ನಾನಿನ್ನೂ ಮರ್ತಿಲ್ಲ."

ಅತ್ತ ದರಿ, ಇತ್ತ ಪುಲಿ. ನನಗೂ ಬೇರೆ ದಾರಿ ಕಾಣಲಿಲ್ಲ. ನನ್ನ ಕೈಯಲ್ಲಿ ಉಳಿದಿದ್ದ ಔಷಧಿಗಳು ಇನ್ನಷ್ಟು ತೂಕ ಏರಿಸುವಂಥವು. ಹೊರಗೆ ಇಪ್ಪತ್ತೈದು ಜನ ಕಾಯುತ್ತಿದ್ದರು. ಡ್ರಾಯರ್‌ನಿಂದ ಒಂದು ಅಚ್ಚು ಹಾಕಿದ ಚೀಟಿ ತೆಗೆದು ಕೊಟ್ಟೆ. ಬಿಪಿ, ಸಕ್ಕರೆ ಕಾಯಿಲೆಯವರಿಗೆಂದು ಮಾಡಿಸಿದ್ದ ಪಥ್ಯದ ಚೀಟಿ ಅದು: ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ, ನಡೆಯಿರಿ. "ಇದನ್ನು ಪಾಲಿಸಮ್ಮ, ಇಳೀತದೆ" ಎಂದೆ.

ಐದು ವಾರ ಬಿಟ್ಟು ಬಂದಾಗ ತೂಕ 62. ನಾಲ್ಕು ಕಿಲೋ! ನಾನು ನರ್ಸನ್ನು ಕರೆದು ಅವಳಿಗೆ ಚಪ್ಪಾಳೆ ಹೊಡೆಸಿದೆ. ಹೊರಗೆ ಕೂತಿದ್ದವರಿಗೂ ತೋರಿಸಿ, "ನೋಡಿ ಕಲೀರಿ" ಎಂದೆ. ನಾಗಮಣಿ ಒಣಗಿದ ತುಟಿಯಲ್ಲೇ ನಕ್ಕಳು. ಆ ಒಣತುಟಿ ನನ್ನ ಕಣ್ಣಿಗೆ ಬಿದ್ದಿತ್ತು. ಚಳಿಗಾಳಿಗೆ ಹಾಗಾಗಿರಬೇಕು ಎಂದುಕೊಂಡೆ. ಮೇ ತಿಂಗಳ ರಕ್ತಪರೀಕ್ಷೆಯಲ್ಲಿ ಲಿಥಿಯಂ ಮಟ್ಟ 0.8 ಇತ್ತು, ಸರಿಯಾಗಿಯೇ ಇತ್ತು. ಮುಂದಿನ ಪರೀಕ್ಷೆ ಆಗಸ್ಟ್ ಕೊನೆಗೆ.

ಆಗಸ್ಟ್ ಎರಡನೇ ಬುಧವಾರ ಸಿದ್ದರಾಜು ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಒಳಗೆ ತಂದ. ಕೈಗಳು ಗಡಗಡ ನಡುಗುತ್ತಿದ್ದವು. ಮಾತು ಕುಡಿದವರ ಹಾಗೆ ತೊದಲುತ್ತಿತ್ತು. ಹಿಂದಿನ ದಿನದಿಂದ ವಾಂತಿ, ಭೇದಿ. ಹೆಚ್ಚು ಮಾತ್ರೆ ನುಂಗಿದಳೇನೋ ಎಂದು ಉಳಿದ ಮಾತ್ರೆಗಳನ್ನು ಎಣಿಸಿದೆ, ಎಲ್ಲ ಸರಿಯಿತ್ತು. ಆಗ ಕೇಳಿದೆ, "ನೀರು ಎಷ್ಟು ಕುಡೀತಾಳೆ?"

"ಎಲ್ಲಿ ನೀರು ಮೇಡಂ? ದಿನಕ್ಕೆ ಎರಡೇ ಲೋಟ. ಉಪ್ಪೂ ಬುಟ್ಟವಳೆ. ಚೀಟೀಲಿ ನೀವೇ ಬರ್ದಿದ್ರಲ್ಲ."

ಕೈಯಲ್ಲಿದ್ದ ಮಾತ್ರೆಗಳನ್ನು ಟೇಬಲ್ಲಿನ ಮೇಲಿಟ್ಟೆ. ಲಿಥಿಯಂ ಕೂಡ ಒಂದು ಬಗೆಯ ಉಪ್ಪೇ. ಮೈಯಲ್ಲಿ ನೀರು, ಅಡುಗೆ ಉಪ್ಪು ಎರಡೂ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಔಷಧಿಯೇ ವಿಷವಾಗುತ್ತದೆ. ಇದು ಎಂಬಿಬಿಎಸ್ ಹುಡುಗರಿಗೂ ಗೊತ್ತಿರುವ ಪಾಠ. ಚಿಕಿತ್ಸೆ ಶುರು ಮಾಡಿದ ದಿನ ಸಿದ್ದರಾಜುವಿಗೆ ಒಂದೇ ಒಂದು ವಾಕ್ಯದಲ್ಲಿ ಹೇಳಿದ್ದೆ, ಆಮೇಲೆ ಮರೆತಿದ್ದೆ. ಉಪ್ಪು ಕಡಿಮೆ ಮಾಡಿ ಎಂಬ ಚೀಟಿಯನ್ನು ನನ್ನ ಕೈಯಾರೆ ಕೊಟ್ಟಿದ್ದೆ.

ಸಲೈನ್ ಹಚ್ಚಿ ಆಂಬ್ಯುಲೆನ್ಸ್‌ನಲ್ಲಿ ಕೊಯಮತ್ತೂರಿಗೆ ಹೊರಟೆವು. ನಾನೂ ಜೊತೆಗೆ ಹೋದೆ. ಘಾಟಿಯ ಒಂದು ತಿರುವಿನಲ್ಲಿ ಲಾರಿ ಅಡ್ಡ ನಿಂತು, ಮುಂದೆಯೂ ಹೋಗಲಾಗದೆ ಹಿಂದೆಯೂ ಬರಲಾಗದೆ ನಲವತ್ತು ನಿಮಿಷ ಮಂಜಿನಲ್ಲಿ ಸಿಕ್ಕಿಕೊಂಡೆವು. ಸಿದ್ದರಾಜು ಅವಳ ಪಾದಗಳನ್ನು ಉಜ್ಜುತ್ತಾ ಕೂತಿದ್ದ. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಾನು ಅವಳ ನಾಡಿ ಹಿಡಿದುಕೊಂಡು, ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಅಲ್ಲಿ ತಲುಪಿ ಮಾಡಿಸಿದ ಪರೀಕ್ಷೆಯಲ್ಲಿ ಲಿಥಿಯಂ 2.4 ಬಂತು. ಡಯಾಲಿಸಿಸ್ ಬೇಕಾಗಬಹುದು ಎಂದರು. ಅದೃಷ್ಟ, ಬೇಕಾಗಲಿಲ್ಲ. ಆರನೇ ದಿನ ಅವಳ ನಾಲಿಗೆ ತಿರುಗಿತು.

ನಾನು ಮಂಚದ ಪಕ್ಕ ಕೂತು, "ನೀರು ಯಾಕಮ್ಮ ಬಿಟ್ಟೆ?" ಎಂದೆ.

"ಎಲೆ ಮ್ಯಾಲೆ ನೀರ್ ನಿಂತ್ರೆ ತೂಕ ಬತ್ತದ. ಈ ಮಾತ್ರೆ ತಿಂದ್ರೆ ನಂಗೆ ಬಾಯಾರ್ತದ, ನೀರ್ ಕುಡಿತೀನಿ, ತೂಕ ಬತ್ತದ. ನೀರ್ ಕಳೆದ್ರೆ ಸರೋಯ್ತದ ಅಂದ್ಕಂಡೆ. ಕಳೆದೆ, ಕಮ್ಮಿನೂ ಆಯ್ತಲ್ಲ."

ಬಾಯಾರಿಕೆ ತಡೆಯಲಾಗದೆ ಹರಿಯುವ ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದಳಂತೆ. ಇಷ್ಟು ಹೇಳಿ ಪಕ್ಕದಲ್ಲಿದ್ದ ಲೋಟದ ನೀರು ಕುಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ದಿನಾ ಬರೋರ ಮೂಟೆ ಒಂದ್ಸಲ ಇಷ್ಟ್ ಕಮ್ಮಿ ಬಂದ್ರೆ ಯಾಕೆ ಅಂತ ನಾನು ಕೇಳ್ತೀನಿ ಡಾಕ್ಟ್ರಮ್ಮ. ನೀವು ಕೇಳ್ದೇನೆ ಚಪ್ಪಾಳೆ ತಟ್ಟುದ್ರಿ."

ನಾನು ಊರಿಗೆ ಬಂದವಳೇ ಆ ಚೀಟಿಗಳನ್ನೆಲ್ಲ ಹರಿದು, ಲಿಥಿಯಂ ತಿನ್ನುವವರಿಗೆಂದೇ ಬೇರೆ ಚೀಟಿ ಮಾಡಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕಥೆ ಇಲ್ಲಿ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಲಿಥಿಯಂ ನಿಲ್ಲಿಸಿ ಮೂರು ವಾರವಾಗುವಷ್ಟರಲ್ಲಿ ಅವಳ ನಿದ್ದೆ ಎರಡು ತಾಸಿಗೆ ಇಳಿಯಿತು, ಮಾತು ಜೋರಾಯಿತು. ಸಿದ್ದರಾಜು ಫೋನ್ ಮಾಡಿ, "ತೋಟದ್ ಕಡೀಕೇ ನೋಡ್ತಾ ನಿಂತ್ಕತಾಳೆ ಮೇಡಂ" ಎಂದ. ಅವಳನ್ನು ಸಾವಿನ ಬಾಗಿಲಿಗೆ ಒಯ್ದಿದ್ದ ಅದೇ ಮಾತ್ರೆಯನ್ನು ನಾನೇ ಮತ್ತೆ ಬರೆದುಕೊಟ್ಟೆ, ಈ ಸಲ 600 ಮಿಲಿಗ್ರಾಂ. ಜೊತೆಗೆ ಹೊಸ ಚೀಟಿ ಕೊಟ್ಟೆ: ನೀರು ಬೇಕಾದಷ್ಟು, ಉಪ್ಪು ಮೊದಲಿನಷ್ಟೇ. ಶೆಡ್ಡಿನಲ್ಲಿ ದಿನಕ್ಕೆ ಎಂಟು ಸಲ ಬರುವ ಸಿಹಿ ಟೀಗೆ ಸಕ್ಕರೆ ಬೇಡ. ಆ ಟೀ ವಿಷಯವನ್ನೂ ನಾನು ಮೊದಲು ಕೇಳಿರಲಿಲ್ಲ. ತೂಕ ಮತ್ತೆ 65ಕ್ಕೆ ಏರಿತು, ಒಂದು ವರ್ಷದಲ್ಲಿ 61ಕ್ಕೆ ಇಳಿದು ಅಲ್ಲೇ ನಿಂತಿದೆ. 51 ಇನ್ನು ಬರಲಾರದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಈಗ ಯಾರ ತೂಕ ಇಳಿದರೂ ನಾನು ಮೊದಲು ಪೆನ್ನು ಕೆಳಗಿಡುತ್ತೇನೆ. ಏನು ಬಿಟ್ಟೆ, ಏನು ತಿಂದೆ, ಏನು ಕುಡಿದೆ ಎಂದು ಕೇಳಿ, ಉತ್ತರ ಮುಗಿಯುವ ತನಕ ಕಾಯುತ್ತೇನೆ. ಹೊರಗಿನವರು ಗೊಣಗುತ್ತಾರೆ, ಗೊಣಗಲಿ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಕಲಿಸಿದವಳು ಎಲೆ ತೂಗುವ ಹೆಂಗಸು.

ನಾಗಮಣಿ ಇಂದಿಗೂ ತಿಂಗಳಿಗೊಮ್ಮೆ ಬರುತ್ತಾಳೆ. ಯಂತ್ರ ಹತ್ತುವ ಮೊದಲು ಚೀಲದಿಂದ ಬಾಟಲಿ ತೆಗೆದು, ನನ್ನನ್ನೇ ನೋಡುತ್ತಾ ಪೂರ್ತಿ ನೀರು ಕುಡಿಯುತ್ತಾಳೆ. ಆಮೇಲೆ ಮೇಲೆ ನಿಲ್ಲುತ್ತಾಳೆ.

"ಬರ್ಕಳಿ ಡಾಕ್ಟ್ರಮ್ಮ. ನೀರ್ಗೆ ಅಂತ ಏನೂ ಕಳೀಬ್ಯಾಡಿ."